ಹೋಗುವವರಿಗೆ ಸ್ವಾಗತ

ನಾನು ಒಂದು ಕಾಲೊರಸು. ತೆಂಗಿನ ನಾರಿನದು. ಹುಟ್ಟಿದ್ದು ತಿಪಟೂರಿನ ಹತ್ತಿರದ ಒಂದು ನಾರಿನ ಶೆಡ್ಡಿನಲ್ಲಿ, ಬಾಳಿದ್ದು ಇಂಗ್ಲೆಂಡಿನ ಕಾಲ್ಡರ್‌ಬಿ ಎಂಬ ಊರಿನಲ್ಲಿ. ಈ ಎರಡು ಊರುಗಳಿಗೆ ಏನು ಸಂಬಂಧ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಎರಡೂ ಕಡೆ ಜನರ ಕಾಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಅಷ್ಟೆ.

ಮಟ್ಟೆಯನ್ನು ನೀರಿನಲ್ಲಿ ನೆನೆಹಾಕಿದರು, ಬಡಿದರು, ನಾರು ಬಿಡಿಸಿದರು, ಹುರಿ ಮಾಡಿದರು, ಮಗ್ಗಕ್ಕೆ ಏರಿಸಿದರು. ಕಡೆಗೆ ಕತ್ತರಿಯಿಂದ ನನ್ನ ತಲೆಯನ್ನು ಸಮ ಮಾಡಿದರು. ಆಮೇಲೆ ಹೊನ್ನಗಂಗಮ್ಮ ಎಂಬಾಕೆ ಅಕ್ಷರ ಕೊರೆದ ತಗಡನ್ನು ನನ್ನ ಮೇಲಿಟ್ಟು ಕಪ್ಪು ಬಣ್ಣ ಬಳಿದಳು. ಇಂಗ್ಲಿಷ್ ಅಕ್ಷರಗಳು. ಅವಳಿಗೂ ಓದಲು ಬಾರದು, ನನಗೂ ಬಾರದು.

"ಏನ್ ಬರ್ದೈತೆ ಸಾ ಇದ್ರ ಮ್ಯಾಲೆ?" ಎಂದು ಮೇಸ್ತ್ರಿಯನ್ನು ಕೇಳಿದಳು.

"ವೆಲ್‌ಕಮ್ ಅಂತ. ಬನ್ನಿ ಅಂತ ಅರ್ಥ ಕಣಮ್ಮ."

"ಬರೋರ್ಗೆ ಬನ್ನಿ. ಹೋಗೋರ್ಗೆ?"

"ಹೋಗೋರ್ಗೆ ಏನೂ ಇಲ್ಲ."

"ಏನೂ ಇಲ್ವಾ! ಎಂಥಾ ಜನಾನಪ್ಪ," ಎಂದು ಹೊನ್ನಗಂಗಮ್ಮ ನನ್ನನ್ನು ಎತ್ತಿ ಬಿಸಿಲಿಗೆ ಒಣಹಾಕಿದಳು.

ಹಡಗಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕತ್ತಲಿತ್ತು, ನನ್ನಂಥವರೇ ನೂರಾರು ಮಂದಿ ಒಬ್ಬರ ಮೇಲೊಬ್ಬರು ಮಲಗಿದ್ದೆವು. ಮತ್ತೆ ಬೆಳಕು ಕಂಡದ್ದು ಕಾಲ್ಡರ್‌ಬಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ. ಅಲ್ಲಿಗೆ ಒಂದು ಶನಿವಾರ ಬಲ್ಬು ಕೊಳ್ಳಲು ಬಂದ ಬಸ್ ಡ್ರೈವರ್ ಒಬ್ಬರು ನನ್ನನ್ನು ಎತ್ತಿ ಮೂಗಿಗೆ ಹಿಡಿದು ಮೂಸಿದರು. ಅಂಗಡಿಯವರು ಸೋಪು ಮೂಸುವವರನ್ನು ನೋಡಿದ್ದರು, ಕಾಲೊರಸು ಮೂಸುವವರನ್ನು ನೋಡಿರಲಿಲ್ಲ. "ನಮ್ಮೂರಿಂದು," ಎಂದು ಆ ಮನುಷ್ಯ ತಮಗೆ ತಾವೇ ಕನ್ನಡದಲ್ಲಿ ಹೇಳಿಕೊಂಡರು. ಬಲ್ಬು ಮರೆತು ನನ್ನನ್ನು ಕೊಂಡರು. ಅವರ ಹೆಸರು ರುದ್ರಮೂರ್ತಿ. ಗುಬ್ಬಿ ಕಡೆಯವರು.

ಮನೆಗೆ ತಂದವರು ಬಾಗಿಲು ತೆಗೆದು, ಒಳಗೆ ನಿಂತುಕೊಂಡೇ ಬಗ್ಗಿ ನನ್ನನ್ನು ಹೊರಗಿನ ಮೆಟ್ಟಿಲ ಮೇಲೆ ಹಾಸಿದರು. ಹಾಗಾಗಿ ಅಕ್ಷರಗಳು ಒಳಗಿನವರಿಗೆ ನೆಟ್ಟಗೆ, ಹೊರಗಿನವರಿಗೆ ತಲೆಕೆಳಗಾಗಿ ಬಿದ್ದವು. ಹೆಂಡತಿ ಗಿರಿಜಮ್ಮ ಕೆಲಸದಿಂದ ಬಂದು ನೋಡಿದರು.

"ರೀ, ಉಲ್ಟಾ ಹಾಕಿದೀರಲ್ಲ."

ರುದ್ರಮೂರ್ತಿ ಒಮ್ಮೆ ನನ್ನನ್ನು ನೋಡಿದರು. ತಪ್ಪಾಯಿತು ಎನ್ನಬಹುದಿತ್ತು. ಅವರು ಹಾಗೆನ್ನುವ ಪೈಕಿಯವರಲ್ಲ.

"ಉಲ್ಟಾ ಅಲ್ಲ ಕಣೆ. ಬರೋರು ಹೆಂಗೂ ಬಂದವ್ರೆ. ಹೋಗೋರ್ಗಲ್ವಾ ಬನ್ನಿ ಅನ್ಬೇಕಾದ್ದು?"

ಅಲ್ಲಿಗೆ ನನ್ನ ದಿಕ್ಕು ನಿರ್ಧಾರವಾಯಿತು.

ಕಾಲೊರಸಿಗೆ ಮುಖಗಳು ದೂರ, ಅಟ್ಟೆಗಳು ಹತ್ತಿರ. ಆ ಮನೆಗೆ ಬಂದ ಕಾಲುಗಳಲ್ಲಿ ನನಗೆ ಚೆನ್ನಾಗಿ ಪರಿಚಯವಾದದ್ದು ಒಂದು ಜೊತೆ ಕಂದು ಬೂಟು. ಎಡಗಾಲಿನ ಹಿಮ್ಮಡಿ ಹೊರಗಡೆಗೆ ಸವೆದಿತ್ತು. ಅದು ಮೊರೀನ್ ಅವರದು. ಊರಿನ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ದುರ್ಬಲ ಶ್ವಾಸಕೋಶ ಮತ್ತು ಲೇಬರ್ ಪಕ್ಷ, ಅಂದರೆ ಕೆಂಪು ಪಕ್ಷ. ಅದರ ಎದುರಾಳಿ ನೀಲಿ ಪಕ್ಷ. ಗಿರಿಜಮ್ಮ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಬಸ್ಸಿನ ಮಾರ್ಗ ಬದಲಾಯಿಸಬಾರದು ಎಂದು ಯಾವುದೋ ಸಭೆಯಲ್ಲಿ ಗಲಾಟೆ ಮಾಡಿದ ಅವರನ್ನು ಹಿಡಿದು ಪಕ್ಷಕ್ಕೆ ಸೇರಿಸಿದವರು ಇದೇ ಮೊರೀನ್. "ನಿನಗೆ ಬಾಯಿದೆ, ಕಾಲೂ ಇದೆ. ರಾಜಕೀಯಕ್ಕೆ ಇನ್ನೇನು ಬೇಕು, ಡಕ್?" ಎಂದಿದ್ದರಂತೆ. ನಾನು ಆ ಮನೆಗೆ ಬರುವ ಹೊತ್ತಿಗೆ ಗಿರಿಜಮ್ಮ ಆ ವಾರ್ಡಿನಿಂದ ಕೌನ್ಸಿಲ್ ಸದಸ್ಯೆ. ನಮ್ಮಲ್ಲಿ ನಗರಸಭೆ ಮೆಂಬರು ಎನ್ನುತ್ತೇವಲ್ಲ, ಹಾಗೆ.

ಡಕ್ ಎಂದರೆ ಬಾತುಕೋಳಿ. ಆ ಕಡೆ ಪ್ರೀತಿಗೆ ಎಲ್ಲರನ್ನೂ ಹಾಗೇ ಕರೆಯುತ್ತಾರೆ. "ನಮ್ಮ ಕಡೆ ಅವ್ವಾ ಅಂದಂಗೆ," ಎಂದು ರುದ್ರಮೂರ್ತಿ ಫೋನಿನಲ್ಲಿ ಊರಿನ ಅಕ್ಕನಿಗೆ ವಿವರಿಸುವುದನ್ನು ಕೇಳಿದ್ದೇನೆ. "ಬಾತುಕೋಳಿ ಅಂತ ಕರೆದ್ರೆ ಇಲ್ಲಿ ಯಾರೂ ಸಿಟ್ಟಾಗಲ್ಲ ಅಕ್ಕ."

ಮೊರೀನ್ ಬಂದಾಗಲೆಲ್ಲ ಬೂಟು ಕಳಚಿ ನನ್ನ ಪಕ್ಕ ಇಟ್ಟು, ಕೈಯಿಂದ ಹೆಣೆದ ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಹೋಗುತ್ತಿದ್ದರು. ಅದನ್ನು ಅವರು ಆ ಮನೆಯಲ್ಲಿ ಕಲಿತದ್ದು. ಹೊರಡುವಾಗ ಬೂಟಿನ ಲೇಸು ಕಟ್ಟಲು ಬಗ್ಗಿದವರ ಕಣ್ಣಿಗೆ ನನ್ನ ಅಕ್ಷರಗಳು ನೆಟ್ಟಗೆ ಬೀಳುತ್ತಿದ್ದವು. ರುದ್ರಮೂರ್ತಿಯನ್ನು ಅವರು ರೂಡಿ ಎನ್ನುತ್ತಿದ್ದರು.

"ರೂಡಿ, ನಿನ್ನ ಚಾಪೆ ಇನ್ನೂ ತಲೆಕೆಳಗಾಗಿದೆ."

"ನೀನು ಇನ್ನೂ ಇಂಗ್ಲಿಷಿನವಳೇ ಆಗಿದ್ದೀಯ."

ಇದು ಪ್ರತಿಸಲದ ಮಾತು. ಅದಾದ ಮೇಲೆ ಮೊರೀನ್ ತಮಗೆ ಬರುವ ಒಂದೇ ಕನ್ನಡ ಪದ ಹೇಳುತ್ತಿದ್ದರು: "ಬಾರ್ಟೀನಿ." ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ರುದ್ರಮೂರ್ತಿ ಹೇಳಿಕೊಟ್ಟಿದ್ದರು. ಯಾವುದೋ ಮದ್ಯದ ಹೆಸರಿನಂತೆ ಕೇಳಿಸುತ್ತಿತ್ತು. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಅಲ್ಲಿ ಮತ ಕೇಳುವುದೆಂದರೆ ಮೈಕು, ಮೆರವಣಿಗೆ ಅಲ್ಲ. ಇಬ್ಬರು ಸೇರಿ ಮನೆಮನೆಯ ಬಾಗಿಲು ತಟ್ಟಿ, ಯಾರಿಗೆ ಹಾಕುತ್ತೀರಿ ಎಂದು ನೇರವಾಗಿ ಕೇಳಿ, ಹೇಳಿದ್ದನ್ನು ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುವುದು. ಗಿರಿಜಮ್ಮ ಮತ್ತು ಮೊರೀನ್ ಒಂದು ಜೋಡಿ. ತಿರುಗಿ ಬಂದಾಗ ಬೀದಿಬೀದಿಯ ಮಣ್ಣು ನನ್ನ ಮೇಲೆ ಉದುರುತ್ತಿತ್ತು. ಕಾಲುವೆ ಪಕ್ಕದ ಮನೆಗಳ ಮಣ್ಣು ಕಪ್ಪು, ಹೊಸ ಬಡಾವಣೆಯದು ಹಳದಿ. ಊರಿನ ಅಭಿಪ್ರಾಯ ನನಗೆ ತಲುಪುತ್ತಿದ್ದದ್ದು ಹೀಗೆ. ಮಣ್ಣು ಕೊಡವುತ್ತಾ ಅವರು ಆಡುವ ಮಾತು ಕೇಳಿಸಿಕೊಳ್ಳುತ್ತಿದ್ದೆ.

ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ಕೇಳಬೇಕಾದ ಪ್ರಶ್ನೆ ಬದಲಾಯಿತು. ಯಾವ ಪಕ್ಷ ಎಂದಲ್ಲ. ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ. ಜನಮತ ಸಂಗ್ರಹ. ಗಿರಿಜಮ್ಮ ಇರಬೇಕು ಎನ್ನುವ ಕಡೆ. ಅವರ ಪಕ್ಷವೂ ಅಧಿಕೃತವಾಗಿ ಅದೇ ಕಡೆ. ಮೊರೀನ್ ದಿನವೂ ಸಂಜೆ ಬಂದು ಕರಪತ್ರದ ಕಟ್ಟು ಎತ್ತಿಕೊಂಡು ಜೊತೆಯಲ್ಲಿ ಹೊರಡುತ್ತಿದ್ದರು. ಕಪ್ಪು ಮಣ್ಣು ತರುತ್ತಿದ್ದ ದಿನಗಳಲ್ಲಿ ಗಿರಿಜಮ್ಮ ಕಾಲನ್ನು ಜೋರಾಗಿ ಉಜ್ಜುತ್ತಿದ್ದರು. "ನಮ್ಮ ಮನೆಗಳು ಇವು. ಯಾವಾಗಲೂ ನಮಗೇ ಹಾಕಿದವರು. ನೀನು ಒಳ್ಳೆಯವಳು, ಆದರೆ ನಾವು ಬಿಡೋದಕ್ಕೇ ಹಾಕೋದು ಅಂತಾರಲ್ಲ," ಎಂದು ಒಂದು ದಿನ ಹೇಳಿದರು. ಮೊರೀನ್ ನನ್ನ ಮೇಲೆ ಬೂಟು ಉಜ್ಜುತ್ತಾ "ಹೂಂ" ಎಂದರು.

ಫಲಿತಾಂಶದ ಬೆಳಿಗ್ಗೆ ಶುಕ್ರವಾರ. ದೇಶದಲ್ಲಿ ಬಿಡೋಣ ಎಂದವರು ಸ್ವಲ್ಪ ಹೆಚ್ಚು, ಕಾಲ್ಡರ್‌ಬಿಯಲ್ಲಿ ತುಂಬಾ ಹೆಚ್ಚು. ಗಿರಿಜಮ್ಮ ಹಾಲು ತರಲು ಹೋದಾಗ ಯಾರೋ ಕಾರಿನ ಕಿಟಕಿಯಿಂದ "ಯಾವಾಗ ಗಂಟುಮೂಟೆ ಕಟ್ಟೋದು?" ಎಂದು ಕೂಗಿ ಹೋಗಿದ್ದರು. ಬಾಗಿಲಿಗೆ ಬಂದವರು ಹಾಲನ್ನು ನನ್ನ ಪಕ್ಕ ಇಟ್ಟು ಕೀಲಿ ಹುಡುಕಿದರು. ಹಿಂದೆಯೇ ಕಂದು ಬೂಟು ಬಂತು. ಅವತ್ತು ಅದನ್ನು ಕಳಚಲಿಲ್ಲ.

"ಒಳಗೆ ಬಾ, ಮೊರೀನ್. ಟೀ ಇಡ್ತೀನಿ. ನಮ್ಮಿಬ್ಬರಿಗೂ ಬೇಕು."

"ಮೊದಲು ಒಂದು ಮಾತು ಹೇಳಬೇಕು, ಡಕ್. ನಾನೂ ಬಿಡೋದಕ್ಕೇ ಹಾಕಿದ್ದು."

ಒಳಗೆ ಹೊರಟಿದ್ದ ಚಪ್ಪಲಿ ನನ್ನ ಮೇಲೆಯೇ ತಿರುಗಿತು.

"ನನ್ನ ಜೊತೆ ಬಾಗಿಲು ತಟ್ಟಿದೆಯಲ್ಲ? ಇರಿ, ಇರಿ ಅಂತ ಹೇಳಿದೆಯಲ್ಲ?"

"ಅದು ಪಕ್ಷದ ಕೆಲಸ. ಮತ ನನ್ನದು."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಮೊರೀನ್ ಮುಂದುವರಿಸಿದರು, "ಕಾರ್ಖಾನೆ ಮುಚ್ಚುವಾಗ ನನ್ನನ್ನು ಯಾರೂ ಕೇಳಲಿಲ್ಲ. ಕೆಂಪಿನವರೂ ಕೇಳಲಿಲ್ಲ, ನೀಲಿಯವರೂ ಕೇಳಲಿಲ್ಲ. ನಿನ್ನೆ ಮೊದಲ ಸಲ ಕೇಳಿದರು, ಉತ್ತರ ಕೊಟ್ಟೆ. ನಿನ್ನನ್ನು ಹೋಗು ಅನ್ನಲಿಲ್ಲ ನಾನು."

"ಕಾರಿನಲ್ಲಿ ಕೂಗಿದವನಿಗೆ ಅದು ಗೊತ್ತಾ?"

ಮೊರೀನ್ ಹಾಗೇ ತಿರುಗಿ ಹೋದರು. ಬಾರ್ಟೀನಿ ಎಂದರು, ಆದರೆ ಮೆಲ್ಲಗೆ.

ಗಿರಿಜಮ್ಮ ಅಲ್ಲೇ ನಿಂತು ಗಂಡನನ್ನು ಕರೆದರು. "ಕೇಳಿಸ್ಕೊಂಡ್ರಾ?"

ರುದ್ರಮೂರ್ತಿ ಡ್ಯೂಟಿಗೆ ಹೊರಟಿದ್ದವರು ಶೂ ಒರೆಸುವ ನೆಪದಲ್ಲಿ ನನ್ನ ಮೇಲೆ ಬಗ್ಗಿದರು. ತುಂಬಾ ಹೊತ್ತು ಒರೆಸಿದರು.

"ನಾನೂ ಅದುಕ್ಕೇ ಹಾಕ್ದೆ."

"ಯಾವುದಕ್ಕೆ?"

"ಬಿಡಾದುಕ್ಕೆ. ನಮ್ಮ ಶಿವಗಂಗಕ್ಕ ಒಂದ್ ತಿಂಗ್ಳು ಇದ್ದು ಹೋಯ್ತೀನಿ ಅಂದ್ರೆ ವೀಸಾ ಇಲ್ಲ. ಯುರೋಪಿನೋರು ಸಂತೆಗೆ ಬಂದಂಗೆ ಬತ್ತಾರೆ. ಅವ್ರಿಗೊಂದು, ನಮಗೊಂದಾ? ಎಲ್ರಿಗೂ ಒಂದೇ ಬಾಗ್ಲು ಆಗ್ಲಿ ಅಂತ ಹಾಕ್ದೆ."

"ಒಂದೇ ಬಾಗಿಲು! ಮುಚ್ಚಿರೋ ಬಾಗಿಲು!" ಗಿರಿಜಮ್ಮ ನಕ್ಕುಬಿಟ್ಟರು. ಆ ನಗು ಚೆನ್ನಾಗಿರಲಿಲ್ಲ. "ಊರಲ್ಲಿರೋ ಬಾಗಿಲೆಲ್ಲ ತಟ್ಟಿದೆ ಕಣ್ರೀ. ಇದೊಂದನ್ನ ತಟ್ಟಲಿಲ್ಲ."

ಇದು ಅಂದರೆ ನಾನು ಬಿದ್ದಿದ್ದ ಬಾಗಿಲು.

ಗಂಡನ ಮೇಲಿನ ಕೋಪ ವಾರದಲ್ಲಿ ಇಳಿಯಿತು; ಒಂದೇ ಅಡುಗೆಮನೆಯಲ್ಲಿ ಕೋಪ ಕಾಯ್ದುಕೊಳ್ಳುವುದು ಕಷ್ಟ. ಮೊರೀನ್ ಮೇಲಿನದು ಇಳಿಯಲಿಲ್ಲ. ಅವರು ಬರುತ್ತಿದ್ದರು, ಪಕ್ಷದ ಸಭೆಗಳಿಗೆ ಮಾತ್ರ. ಮುಂಚಿನಂತೆ ಸುಮ್ಮನೆ ಬರುವುದು ನಿಂತಿತು.

ಸಭೆ ನಡೆಯುತ್ತಿದ್ದದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಅಲ್ಲಿಗೆ ಈಗ ಹೊಸ ಕಾಲುಗಳು ಬಂದವು. ಬಿಳಿ ಅಟ್ಟೆಯ ಶೂಗಳ ಯುವಕರು, ಮತ್ತೊಮ್ಮೆ ಜನಮತ ಬೇಕು ಎನ್ನುವವರು. ಹಳಬರು ಮೇಜು ಗುದ್ದುತ್ತಿದ್ದರು: ಒಂದು ಸಲ ಕೇಳಿ, ಉತ್ತರ ಹಿಡಿಸಲಿಲ್ಲ ಎಂದು ಇನ್ನೊಂದು ಸಲ ಕೇಳುವುದೇ? ಪಕ್ಷದ ದೊಡ್ಡವರು ಲಂಡನ್ನಿನಲ್ಲಿ ಇಬ್ಬರನ್ನೂ ಒಪ್ಪಿಸುವ ಮಾತು ಹುಡುಕುತ್ತಿದ್ದರು. ಅಂಥ ಮಾತನ್ನು ಬಾಗಿಲಲ್ಲಿ ನಿಂತು ಹೇಳುವುದು ಎಷ್ಟು ಕಷ್ಟ ಎಂದು ಗಿರಿಜಮ್ಮನ ಚಪ್ಪಲಿಗೆ ಗೊತ್ತು. ಹೋಗುವಾಗ ಬೇಗ ಹೋಗಿ, ಬರುವಾಗ ಎಳೆದುಕೊಂಡು ಬರುತ್ತಿದ್ದವು.

ಒಮ್ಮೆ ನೀಲಿ ಪಕ್ಷದ ಕೌನ್ಸಿಲರ್ ಜೆಫ್ರಿ ಬಂದಿದ್ದರು. ಕನ್ನಡಿಯಂಥ ಕಪ್ಪು ಶೂ. ಕೌನ್ಸಿಲಿನಲ್ಲಿ ಗಿರಿಜಮ್ಮನ ಎದುರಾಳಿ, ಆದರೆ ಅವರೂ ಇರಬೇಕು ಎಂದವರು. "ನನ್ನ ಪಕ್ಷದವರು ನನ್ನನ್ನು ದ್ರೋಹಿ ಅಂತಾರೆ. ನಿನ್ನ ಪಕ್ಷದವರು?" ಎಂದರು.

"ಕೆಲವರು ದ್ರೋಹಿ ಅಂತಾರೆ. ಕೆಲವರು ಮಾಡಿದ್ದು ಸಾಲದು ಅಂತಾರೆ."

"ನಾವಿಬ್ಬರೂ ಒಂದು ಪಕ್ಷ ಮಾಡಬಹುದು."

"ನಿಮ್ಮ ಶೂ ನೋಡಿದರೆ ನಮ್ಮ ಬೀದಿಯಲ್ಲಿ ಯಾರೂ ಬಾಗಿಲು ತೆಗೆಯೋಲ್ಲ, ಜೆಫ್ರಿ."

ಆ ವರ್ಷಗಳಲ್ಲಿ ಟೀವಿಯಲ್ಲಿ ದಿನವೂ ಸಮೀಕ್ಷೆ. ಅರ್ಧ ಈಚೆ, ಅರ್ಧ ಆಚೆ, ಒಂದೆರಡು ಕೂದಲೆಳೆ ಹೆಚ್ಚುಕಡಿಮೆ. ನಾನು ಕಂಡದ್ದಿಷ್ಟು: ಮನಸ್ಸು ಬದಲಾಯಿಸಿದವರು ಕಡಿಮೆ. ಮನಸ್ಸನ್ನು ಹಾಗೇ ಇಟ್ಟುಕೊಂಡು ಪಕ್ಷ ಬದಲಾಯಿಸಿದವರು ಹೆಚ್ಚು. ಮೊದಲು ಜನ ಕೆಂಪು ಇಲ್ಲವೇ ನೀಲಿ ಆಗಿದ್ದರು. ಈಗ ಅವರು ಇರುವವರು ಇಲ್ಲವೇ ಬಿಡುವವರು. ಬಾಗಿಲು ತೆಗೆದವರು ಮೊದಲು ಕೇಳುತ್ತಿದ್ದದ್ದೇ ಅದನ್ನು. ಗಿರಿಜಮ್ಮ ಹಾಕಿಸಿದ ಬೀದಿದೀಪ, ಉಳಿಸಿದ ಬಸ್ಸು ಯಾರಿಗೂ ನೆನಪಿಗೆ ಬರುತ್ತಿರಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಮಾರ್ಚಿನಲ್ಲಿ ಮೊರೀನ್ ಸಭೆ ಇಲ್ಲದ ದಿನ ಬಂದರು. ಗಿರಿಜಮ್ಮ ಬಾಗಿಲು ಅರ್ಧ ತೆಗೆದರು.

"ಬೇರೆಯವರಿಂದ ಗೊತ್ತಾಗಬಾರದು ಅಂತ ಬಂದೆ. ಮೇ ತಿಂಗಳ ಕೌನ್ಸಿಲ್ ಚುನಾವಣೆಗೆ ನಾನೂ ನಿಲ್ತಿದೀನಿ. ಪಕ್ಷೇತರಳಾಗಿ."

"ಯಾವ ವಾರ್ಡು?"

"ನನಗೆ ಗೊತ್ತಿರೋದು ಒಂದೇ ವಾರ್ಡು."

"ನನ್ನ ವಾರ್ಡು."

"ನಮ್ಮ ವಾರ್ಡು, ಡಕ್."

"ಡಕ್ ಅನ್ನಬೇಡ ನನ್ನ."

ಒಳಗಿನಿಂದ ರುದ್ರಮೂರ್ತಿ "ಯಾರು, ಮೊರೀನಾ? ಒಳಿಕ್ ಬಾ ಅನ್ನು," ಎಂದು ಕೂಗಿದರು. ಗಿರಿಜಮ್ಮ ಅನ್ನಲಿಲ್ಲ. ಬೂಟು ಹಿಂದೆ ಸರಿಯಿತು. ಹೊರಗೇ ನಿಂತವರಿಗೆ ನನ್ನ ಅಕ್ಷರಗಳು ತಲೆಕೆಳಗೆ. ಮೊರೀನ್ ಅದರ ಬಗ್ಗೆ ಏನೂ ಹೇಳಲಿಲ್ಲ. "ಗುಡ್ ಬೈ, ಗಿರಿಜಾ," ಎಂದರು. ಆ ಮನೆಯ ಬಾಗಿಲಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅವರು ಗೇಟು ದಾಟಿದ ಮೇಲೆ ಗಿರಿಜಮ್ಮ ಬಗ್ಗಿ ನನ್ನನ್ನು ಎತ್ತಿ, ತಿರುಗಿಸಿ, ಸರಿಯಾಗಿ ಹಾಕಿದರು. ಊರಿನ ಎಲ್ಲ ಕಾಲೊರಸುಗಳ ಹಾಗೆ.

ಆ ಚುನಾವಣೆಯಲ್ಲಿ ಗಿರಿಜಮ್ಮ ಒಬ್ಬರೇ ನಡೆದರು. ರುದ್ರಮೂರ್ತಿ ರಜಾ ಹಾಕಿ ಜೊತೆಗೆ ಹೋದದ್ದುಂಟು, ಆದರೆ ಅವರು ಪ್ರತಿ ಮನೆಯಲ್ಲೂ ಬಸ್ಸಿನ ವೇಳೆ ಹೇಳುತ್ತಾ ನಿಂತುಬಿಡುತ್ತಿದ್ದರು. ಹಳೆಯ ಮತಗಳು ಇಬ್ಬರು ಗೆಳತಿಯರ ನಡುವೆ ಹರಿದು ಹಂಚಿಹೋದವು. ಗೆದ್ದವನು ನೀಲಿ ಪಕ್ಷದ ಯಾರೋ, ನಮ್ಮ ಬೀದಿಯಲ್ಲಿ ಒಂದು ಬಾಗಿಲನ್ನೂ ತಟ್ಟದವನು. ಅದೇ ಡಿಸೆಂಬರಿನಲ್ಲಿ ಕಾಲ್ಡರ್‌ಬಿಯ ಪಾರ್ಲಿಮೆಂಟ್ ಸೀಟೂ ಮೊದಲ ಸಲ ನೀಲಿಯಾಯಿತು. ಒಕ್ಕೂಟ ಬಿಡುವ ಕೆಲಸ ಬೇಗ ಮುಗಿಸುತ್ತೇವೆ ಎಂದವರಿಗೆ ಜನ ಹಾಕಿದ್ದರು. ಬಹಳ ಮಂದಿಗೆ ಅಷ್ಟೊತ್ತಿಗೆ ಬೇಕಾಗಿದ್ದದ್ದು ಅದೊಂದೇ, ಮುಗಿಯುವುದು.

"ಈ ಕಾಲೊರಸು ಎಸೆದುಬಿಡಿ," ಎಂದು ಗಿರಿಜಮ್ಮ ಹೇಳಿದರು. "ನೋಡಿದಾಗೆಲ್ಲ ಅವಳ ಬೂಟು ನೆನಪಾಗುತ್ತೆ."

ರುದ್ರಮೂರ್ತಿಗೆ ಎಸೆಯಲು ಮನಸ್ಸು ಬರಲಿಲ್ಲ. ಹಳೆಯ ಸಾಮಾನು ಮಾರಿ ಆ ಹಣವನ್ನು ರೋಗಿಗಳಿಗೆ ಕೊಡುವ ಒಂದು ಅಂಗಡಿಗೆ ನನ್ನನ್ನು ಒಯ್ದರು. ಬುಧವಾರಗಳಂದು ಅಲ್ಲಿ ಗಲ್ಲಾದ ಮೇಲೆ ಕೂರುವವರು ಮೊರೀನ್ ಎಂಬುದು ಅವರಿಗೆ ಗೊತ್ತಿತ್ತು. ಅಂದು ಬುಧವಾರ. ಇಬ್ಬರೂ ಹವೆಯ ಬಗ್ಗೆ ಮಾತಾಡಿದರು. ನನ್ನ ಒಂದು ಮೂಲೆ ದೀಪಾವಳಿಯ ಸುರುಸುರುಬತ್ತಿಯಿಂದ ಸುಟ್ಟಿತ್ತು. ಮೊರೀನ್ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ನನ್ನನ್ನು ಕೌಂಟರಿನ ಕೆಳಗೆ ಇಟ್ಟುಕೊಂಡರು.

ಹೀಗೆ ನಾನು ಮೊರೀನ್ ಮನೆಯ ಬಾಗಿಲಿಗೆ ಬಂದೆ. ಚಿಕ್ಕ ಮನೆ, ಕಾಲುವೆ ಪಕ್ಕ, ಕಪ್ಪು ಮಣ್ಣು. ಅವರು ಒಳಗೆ ನಿಂತು ಬಗ್ಗಿ ನನ್ನನ್ನು ಹಾಸಿದರು. ಅಕ್ಷರಗಳು ಒಳಮುಖ. ಅಲ್ಲಿಗೆ ಬರುವವರೂ ಕಡಿಮೆ, ಹೋಗುವವರೂ ಕಡಿಮೆ.

ಮರುವರ್ಷದ ವಸಂತದಲ್ಲಿ ಸಾಂಕ್ರಾಮಿಕ ರೋಗ ಬಂದು ಇಡೀ ದೇಶ ಬಾಗಿಲು ಹಾಕಿಕೊಂಡಿತು. ಮೊರೀನ್ ಅವರ ಶ್ವಾಸಕೋಶ ಕಾರ್ಖಾನೆಯ ನೂಲಿನ ಧೂಳಿನಿಂದ ಮೊದಲೇ ಹಾಳಾದದ್ದು. ಹೊಸಿಲು ದಾಟಬಾರದು ಎಂದು ಡಾಕ್ಟರು ಹೇಳಿದ್ದರು. ಅವರ ಔಷಧಿ ಮನೆಗೇ ಬರಬೇಕಾಯಿತು. ಮೊದಲ ಸಲ ತಂದವರು ಯಾರೋ. ಎರಡನೆಯ ಸಲ ನನ್ನ ಮೇಲೆ ಕಾಗದದ ಚೀಲ ಇಟ್ಟು, ಬೆಲ್ ಒತ್ತಿ, ಗೇಟಿನವರೆಗೆ ಹಿಂದೆ ಸರಿದ ಚಪ್ಪಲಿ ನನಗೆ ಗೊತ್ತಿದ್ದದ್ದು.

ಬಾಗಿಲು ತೆರೆಯಿತು. ಒಳಗೆ ಉಣ್ಣೆಯ ಕಾಲುಚೀಲ.

"ಅದು ನನ್ನ ಕಾಲೊರಸು," ಎಂದರು ಗಿರಿಜಮ್ಮ ಗೇಟಿನಿಂದಲೇ.

"ಇರಬಹುದು. ನಾನು ಕೊಂಡುಕೊಂಡದ್ದು."

"ಉಲ್ಟಾ ಹಾಕಿದೀಯ."

"ಉಲ್ಟಾ ಅಲ್ಲ. ಬರೋರು ಹೇಗೂ ಬಂದಿರ್ತಾರೆ." ಮೊರೀನ್ ಕೆಮ್ಮಿದರು. "ನೀನು ಬಂದಿಲ್ವಾ?"

ಗಿರಿಜಮ್ಮ ಮಾತ್ರೆ ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ದೂರದಿಂದ ಜೋರಾಗಿ ಹೇಳಿದರು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದರು. ಒಬ್ಬಳೇ ಇದೀಯಾ ಎಂದು ಕೇಳಿದರು, ಉತ್ತರ ಗೊತ್ತಿದ್ದರೂ. ಆಮೇಲೆ ತಿರುಗಿದರು, ತಿರುಗುವಾಗ ಅಭ್ಯಾಸಬಲದಿಂದ ಕನ್ನಡದಲ್ಲೇ "ಬರ್ತೀನಿ" ಎಂದುಬಿಟ್ಟರು.

"ಬಾರ್ಟೀನಿ," ಎಂದು ಮೊರೀನ್ ತಿದ್ದಿದರು. "ನೀನು ಹೇಳೋದು ತಪ್ಪು."

ಅಲ್ಲಿಂದ ಮುಂದೆ ಔಷಧಿ ತರುತ್ತಿದ್ದವರು ಬೇರೆ ಯಾರೂ ಅಲ್ಲ. ಆದರೆ ಚಪ್ಪಲಿ ಗೇಟಿನ ಹತ್ತಿರವೇ ನಿಲ್ಲುತ್ತಿತ್ತು. ರೋಗ ಇಳಿದು ಎಲ್ಲರೂ ಎಲ್ಲರ ಮನೆಗೆ ಹೋಗತೊಡಗಿದ ಮೇಲೂ ಅಲ್ಲೇ. ಆ ಒಂದು ಶುಕ್ರವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಬ್ರಿಟನ್ ಅಷ್ಟರಲ್ಲಿ ಒಕ್ಕೂಟ ಬಿಟ್ಟಾಗಿತ್ತು. ಶಿವಗಂಗಕ್ಕನಿಗೆ ವೀಸಾ ಮತ್ತೆ ಇಲ್ಲ ಎಂದಿದ್ದರು ಎಂಬ ಸುದ್ದಿಯೂ ಗೇಟಿನಿಂದಲೇ ನನಗೆ ತಲುಪಿತು.

ಎರಡು ಸಾವಿರದ ಇಪ್ಪತ್ತಮೂರರ ಏಪ್ರಿಲಿನಲ್ಲಿ ಮತ್ತೆ ಕೌನ್ಸಿಲ್ ಚುನಾವಣೆ. ಒಂದು ಮಧ್ಯಾಹ್ನ ಚಪ್ಪಲಿಯ ಬದಲು ನಡೆಯುವ ಶೂ ಹಾಕಿಕೊಂಡು ಗಿರಿಜಮ್ಮ ಬಂದರು. ಗೇಟಿನ ಹತ್ತಿರ ನಿಲ್ಲಲಿಲ್ಲ. ನೇರ ಬಂದು ನನ್ನ ಮೇಲೆ ನಿಂತರು. ಬೆಲ್ ಒತ್ತದೆ ಕೈಯಿಂದ ಬಾಗಿಲು ತಟ್ಟಿದರು.

"ನಮಸ್ಕಾರ," ಎಂದರು, ಪರಿಚಯವಿಲ್ಲದವರ ಹಾಗೆ. "ಮುಂದಿನ ತಿಂಗಳ ಚುನಾವಣೆಗೆ ನಿಂತಿದೀನಿ. ನೀವು ಯಾರಿಗೆ ಹಾಕಬೇಕು ಅಂತಿದೀರಿ ಅಂತ ಕೇಳೋಕೆ ಬಂದೆ."

ಮೊರೀನ್ ಬಾಗಿಲು ಹಿಡಿದು ನಿಂತರು. "ಎಷ್ಟನೇ ಮನೆ ಇದು?"

"ಎರಡನೇದು. ಮೊದಲನೇದು ನಮ್ಮನೆ. ಹೊರಗೆ ನಿಂತು ಬಾಗಿಲು ತಟ್ಟಿ ರುದ್ರಮೂರ್ತಿಯನ್ನ ಕೇಳಿದೆ."

"ಏನಂದ?"

"ಯೋಚನೆ ಮಾಡಿ ಹೇಳ್ತೀನಿ ಅಂದ್ರು."

ಮೊರೀನ್ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಗುವಾಗಿ, ಗಿರಿಜಮ್ಮ ಬೆನ್ನು ಸವರಬೇಕಾಯಿತು. ಆಮೇಲೆ ಗಿರಿಜಮ್ಮ ಮೆಲ್ಲಗೆ ಹೇಳಿದರು, "ಆವತ್ತೇ ಕೇಳಬೇಕಿತ್ತು. ಈಗ ಕೇಳ್ತಿದೀನಿ."

"ಕೇಳಿದ್ದು ಒಳ್ಳೇದಾಯ್ತು. ಹೇಳೋಲ್ಲ."

"ಸರಿ."

"ಆದರೆ ಒಬ್ಬಳೇ ಹೇಗೆ ಹೋಗ್ತೀಯ, ಡಕ್? ಬಾಗಿಲಿಗೆ ಇಬ್ಬರು ಬೇಕು. ತಾಳು, ಬೂಟು ಹಾಕ್ಕೋತೀನಿ."

ಲೇಸು ಕಟ್ಟಲು ತುಂಬಾ ಹೊತ್ತು ಹಿಡಿಯಿತು. ಕಟ್ಟಿದವರು ಎದ್ದು ನಿಂತು, ಬಾಗಿಲೆಳೆದುಕೊಂಡು, ಖಾಲಿ ಮನೆಗೆ "ಬಾರ್ಟೀನಿ" ಎಂದು ಹೇಳಿ ಹೊರಟರು. ಸವೆದ ಹಿಮ್ಮಡಿಯ ಸದ್ದು ಮತ್ತು ಅದರ ಪಕ್ಕದ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಗಿರಿಜಮ್ಮ ಗೆದ್ದರು. ಮೊರೀನ್ ಯಾರಿಗೆ ಹಾಕಿದರೋ ನನಗೆ ಗೊತ್ತಿಲ್ಲ, ಗಿರಿಜಮ್ಮನಿಗೂ ಗೊತ್ತಿಲ್ಲ.

ಈಗ ನಾನು ಮೊರೀನ್ ಮನೆಯ ಹಿತ್ತಿಲಿನ ಮರದ ಶೆಡ್ಡಿನ ಬಾಗಿಲಲ್ಲಿದ್ದೇನೆ. ನಾರು ಉದುರಿ ಬೋಳಾಗಿದ್ದೇನೆ. ಮುಂಬಾಗಿಲಿಗೆ ಹೊಸಬ ಬಂದಿದ್ದಾನೆ, ರಬ್ಬರಿನವನು. ಒಳಗೆ ಗುದ್ದಲಿ, ಹೂಕುಂಡ, ಹಳೆಯ ಪತ್ರಿಕೆಗಳ ಕಟ್ಟು. ಒಕ್ಕೂಟ ಬಿಟ್ಟದ್ದು ತಪ್ಪಾಯಿತು ಎನ್ನುವವರು ಈಗ ಅರ್ಧಕ್ಕಿಂತ ಹೆಚ್ಚಂತೆ. ಕುಂಡದ ಕೆಳಗೆ ಪತ್ರಿಕೆ ಹಾಸುವಾಗ ಗಿರಿಜಮ್ಮ ಓದಿ ಹೇಳಿದರು. ಮೊರೀನ್ "ಹೂಂ" ಎಂದು ಕುಂಡವನ್ನು ಅದರ ಮೇಲಿಟ್ಟರು. ಹಿಂದೊಮ್ಮೆ ಇಂಥದೇ ಹೂಂ ಕೇಳಿ ಗಿರಿಜಮ್ಮ ಸುಮ್ಮನಾಗಿದ್ದರು. ಈ ಸಲ "ಹೂಂ ಅಂದರೆ ಏನು?" ಎಂದು ಕೇಳಿದರು. ಇಬ್ಬರೂ ಸಂಜೆಯವರೆಗೆ ಜಗಳವಾಡಿದರು, ಟೀ ಕುಡಿಯುತ್ತಾ.

ಮೊನ್ನೆ ರುದ್ರಮೂರ್ತಿ ಗುದ್ದಲಿ ಕೇಳಿಕೊಂಡು ಬಂದಿದ್ದರು. ನನ್ನನ್ನು ನೋಡಿದವರೇ "ಇದನ್ಯಾರು ಹಿಂಗ್ ಹಾಕ್ದೋರು!" ಎಂದು ಎತ್ತಿ ತಿರುಗಿಸಿ ಹಾಕಿದರು. ಅವರು ಆಚೆ ಹೋದ ಮೇಲೆ ಮೊರೀನ್ ಬಂದು, ಸೊಂಟ ಹಿಡಿದುಕೊಂಡು ಬಗ್ಗಿ, ಅದು ತಲೆಕೆಳಗು ಎಂದು ಗೊಣಗುತ್ತಾ ಮತ್ತೆ ತಿರುಗಿಸಿದರು.

ನನ್ನ ಮೇಲೆ ಈಗ ಒಂದು ಅಕ್ಷರವೂ ಉಳಿದಿಲ್ಲ.